ಮೇಣದ ಬಿಲ್ಲೆಯಲ್ಲಿ ಉಳಿದ ಬರಹ

ಶಿಗ್ಗಾಂವ ತಾಲ್ಲೂಕಿನ ಬಂಕಾಪುರ ಇಂದು ನವಿಲುಧಾಮಕ್ಕೂ ಕೋಟೆಯೊಳಗಿನ ನಗರೇಶ್ವರ ಗುಡಿಗೂ ಹೆಸರಾದ ಊರು. ಸಾವಿರ ವರ್ಷಗಳ ಹಿಂದೆ ಅದು ಗ್ರಂಥಗಳ ಊರಾಗಿತ್ತು. ಜಿನಸೇನರು ಅಪೂರ್ಣವಾಗಿ ಬಿಟ್ಟುಹೋದ ಮಹಾಪುರಾಣವನ್ನು ಶಿಷ್ಯ ಗುಣಭದ್ರರು ಉತ್ತರಪುರಾಣ ಬರೆದು ಮುಗಿಸಿದರು. ಆ ಗ್ರಂಥಕ್ಕೆ ಶಕವರ್ಷ 820ರಲ್ಲಿ, ಅಂದರೆ ಕ್ರಿ.ಶ. 898ರ ಸುಮಾರಿಗೆ, ಪೂಜೆ ಸಂದದ್ದು ಬಂಕಾಪುರದಲ್ಲಿ. ಗಂಗರ ದೊರೆ ಮಾರಸಿಂಹ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟದ್ದೂ ಇದೇ ಊರಲ್ಲಿ, ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ. ಆ ಅಜಿತಸೇನರು ಕವಿ ರನ್ನನಿಗೂ ಗುರುಗಳು. ರನ್ನನಿಗೆ ಆಶ್ರಯ ಕೊಟ್ಟು 993ರಲ್ಲಿ ಅಜಿತಪುರಾಣ ಬರೆಸಿದಾಕೆ ದಾನಚಿಂತಾಮಣಿ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣ ನಾಶವಾಗಬಾರದೆಂದು ಅದರ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಕೀರ್ತಿಯೂ ಆಕೆಯದು.

ಓಲೆಗರಿಯ ಕಾಲದಲ್ಲಿ ಪ್ರತಿ ಮಾಡುವವರು ಎರಡು ಸಂಗತಿಗಳನ್ನು ಚೆನ್ನಾಗಿ ಬಲ್ಲವರಾಗಿದ್ದರು. ಒಂದೇ ಪ್ರತಿ ಇದ್ದ ಗ್ರಂಥ ಗೆದ್ದಲಿಗೋ ಬೆಂಕಿಗೋ ತುತ್ತಾದರೆ ಮತ್ತೆ ಸಿಗುವುದಿಲ್ಲ; ಆದ್ದರಿಂದ ಪ್ರತಿ ಮಾಡಬೇಕು. ಆದರೆ ಮೂಲದ ಗರಿ ಮುರಿದಿದ್ದರೆ ಸಾವಿರ ಪ್ರತಿಯಲ್ಲೂ ಆ ಜಾಗ ಖಾಲಿಯೇ. ಮೊದಲನೆಯ ಪ್ರತಿಯಲ್ಲಿ ಒಂದಕ್ಷರ ತಪ್ಪಿದರೆ, ಅದನ್ನು ನೋಡಿ ಬರೆದ ಎಲ್ಲದರಲ್ಲೂ ಅದು ತಪ್ಪು. ಇಂದು ಕ್ಯಾನ್ಸರ್ ಗಡ್ಡೆಯ ಒಂದು ಚೂರಿನಿಂದ ವಂಶವಾಹಿಗಳ ಬರಹವನ್ನು ಓದಹೊರಟ ವಿಜ್ಞಾನಿಗಳ ಮುಂದೆ ಇರುವುದೂ ಇವೇ ಎರಡು ಸಂಗತಿಗಳು. ಆ ಚೂರು ಅತಿ ಸಣ್ಣದು. ಪ್ರತಿ ಮಾಡದೆ ಓದಲಾಗದು. ಅದು ಹಳೆಯದು, ಮುರಿದದ್ದು. ಪ್ರತಿ ಮಾಡಿದರೆ ಮುರುಕೂ ಪ್ರತಿಯಾಗುತ್ತದೆ.

ಅದೇ ಶಿಗ್ಗಾಂವದ ಬಸ್‌ ನಿಲ್ದಾಣದಿಂದ ರೋಗಿಯೊಬ್ಬರು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಹೊರಡುತ್ತಾರೆಂದು ಇಟ್ಟುಕೊಳ್ಳಿ. ಬಾಯಲ್ಲಿ ಮಾಯದ ಹುಣ್ಣು, ಎದೆಯಲ್ಲಿ ಗಂಟು, ಇಲ್ಲವೆ ತಿಂಗಳುಗಟ್ಟಲೆ ಬಿಡದ ಕೆಮ್ಮು. ವೈದ್ಯರು ಚಿಮುಟ ಅಥವಾ ಸೂಜಿಯಿಂದ ಗಡ್ಡೆಯ ಅಕ್ಕಿಕಾಳಿನಷ್ಟು ಭಾಗ ತೆಗೆದು ಬಾಟಲಿಗೆ ಹಾಕುತ್ತಾರೆ. ಇದೇ ಬಯಾಪ್ಸಿ. ಕೆಲವು ದಿನಗಳ ಮೇಲೆ ವರದಿ ಬರುತ್ತದೆ, ಚಿಕಿತ್ಸೆ ಆರಂಭವಾಗುತ್ತದೆ. ಆ ಚೂರಿನ ಕಥೆ ಅಲ್ಲಿಗೆ ಮುಗಿಯಿತೆಂದು ಮನೆಯವರು ತಿಳಿಯುತ್ತಾರೆ. ಅದು ಮುಗಿಯುವುದಿಲ್ಲ. ರೋಗಶಾಸ್ತ್ರ ವಿಭಾಗದ ಕಪಾಟಿನಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಮೇಣದ ಬಿಲ್ಲೆಯೊಳಗೆ ಆ ಚೂರು ಕುಳಿತಿರುತ್ತದೆ. ಬಿಲ್ಲೆಯ ಅಂಚಿನಲ್ಲಿ ಒಂದು ಸಂಖ್ಯೆ. ಪ್ರಯೋಗಾಲಯದವರು ಇದನ್ನು ‘ಬ್ಲಾಕ್’ ಎಂದು ಕರೆಯುತ್ತಾರೆ.

ಮೇಣ ಮತ್ತು ಫಾರ್ಮಲಿನ್

ಈ ಬಿಲ್ಲೆ ಹತ್ತೊಂಬತ್ತನೆಯ ಶತಮಾನದ ಕೊಡುಗೆ. ಹಸಿ ಮಾಂಸವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಷ್ಟು ತೆಳ್ಳಗೆ ಕೊಯ್ಯಲು ಆಗದು. ಅದು ಬಾಗುತ್ತದೆ, ಹರಿಯುತ್ತದೆ. ಅದಕ್ಕೆ ಗಟ್ಟಿ ಆಧಾರ ಬೇಕು. ಎಡ್ವಿನ್ ಕ್ಲೆಬ್ಸ್ ಎಂಬ ರೋಗಶಾಸ್ತ್ರಜ್ಞ 1869ರಲ್ಲಿ ಪ್ಯಾರಾಫಿನ್ ಮೇಣದಲ್ಲಿ ಅಂಗಾಂಶವನ್ನು ಹುದುಗಿಸುವ ಉಪಾಯ ತೋರಿಸಿದ. ಕೊಳೆಯದಂತೆ ಕಾಯುವ ದ್ರವ ಸಿಕ್ಕಿದ್ದು ಆಮೇಲೆ. ಫ್ರಾಂಕ್‌ಫರ್ಟಿನ ಫರ್ಡಿನಾಂಡ್ ಬ್ಲೂಮ್ 1893ರಲ್ಲಿ ಫಾರ್ಮಾಲ್ಡಿಹೈಡ್ ದ್ರಾವಣ ರೋಗಾಣುಗಳನ್ನು ಕೊಲ್ಲುತ್ತದೆಯೇ ಎಂದು ಪರೀಕ್ಷಿಸುತ್ತಿದ್ದಾಗ, ತನ್ನ ಬೆರಳ ತುದಿಯ ಚರ್ಮವೇ ಗಡುಸಾದುದನ್ನು ಕಂಡ. ಚರ್ಮವನ್ನು ಗಡುಸು ಮಾಡುವ ದ್ರವ ಅಂಗಾಂಶವನ್ನೂ ಗಡುಸು ಮಾಡಬೇಕಲ್ಲವೆ? ಅಲ್ಲಿಂದ ಮುಂದೆ ಫಾರ್ಮಲಿನ್ ಜಗತ್ತಿನ ಎಲ್ಲ ರೋಗಶಾಸ್ತ್ರ ಕೋಣೆಗಳ ವಾಸನೆಯೇ ಆಯಿತು.

ಅಂದಿನಿಂದ ಇಂದಿನವರೆಗೆ ಕ್ರಮ ಹೆಚ್ಚು ಬದಲಾಗಿಲ್ಲ. ಚೂರನ್ನು ಫಾರ್ಮಲಿನ್‌ನಲ್ಲಿ ನೆನೆಯಿಟ್ಟು, ಆಲ್ಕೊಹಾಲಿನಿಂದ ಅದರ ನೀರನ್ನೆಲ್ಲ ಹೊರದೂಡಿ, ಕರಗಿದ ಮೇಣ ಒಳಗೆ ಇಳಿಯುವಂತೆ ಮಾಡಿ ಆರಿಸುತ್ತಾರೆ. ಗಟ್ಟಿಯಾದ ಬಿಲ್ಲೆಯನ್ನು ಹರಿತ ಅಲಗಿನಿಂದ ನಾಲ್ಕೈದು ಮೈಕ್ರಾನ್ ದಪ್ಪದ ಹಾಳೆಗಳಾಗಿ ಹೆರೆಯುತ್ತಾರೆ. ತಲೆಗೂದಲಿನ ಹತ್ತನೆಯ ಒಂದು ಭಾಗಕ್ಕಿಂತ ತೆಳುವಾದ ಆ ಹಾಳೆಗೆ ಬಣ್ಣ ಕೊಟ್ಟು ಗಾಜಿನ ಮೇಲೆ ಹರಡಿದಾಗ ಜೀವಕೋಶಗಳ ಆಕಾರ ಸ್ಪಷ್ಟವಾಗುತ್ತದೆ. ಇದು ಕ್ಯಾನ್ಸರೋ ಅಲ್ಲವೋ, ಯಾವ ಬಗೆಯದು ಎಂದು ವೈದ್ಯರು ಹೇಳುವುದು ಆ ಆಕಾರವನ್ನು ನೋಡಿ.

ಆಕಾರ ಉಳಿಸಬೇಕೆಂದೇ ಕಂಡುಕೊಂಡ ಕ್ರಮವಿದು. ಒಳಗಿನ ಡಿ.ಎನ್.ಎ.ಯನ್ನು ಮುಂದೊಂದು ದಿನ ಯಾರಾದರೂ ಓದಿಯಾರೆಂಬ ಕಲ್ಪನೆ ಬ್ಲೂಮ್‌ನಿಗೆ ಬರುವಂತೆಯೇ ಇರಲಿಲ್ಲ. ಫಾರ್ಮಲಿನ್ ಪ್ರೋಟೀನುಗಳನ್ನೂ ಡಿ.ಎನ್.ಎ.ಯನ್ನೂ ಒಂದಕ್ಕೊಂದು ಹೆಣೆದು ಬಿಗಿಯುತ್ತದೆ. ಕೊಳೆಯುವಿಕೆಯನ್ನು ತಡೆಯುವ ಗುಣವೂ ಅದೇ, ಬರಹವನ್ನು ಹಾಳುಮಾಡುವ ಗುಣವೂ ಅದೇ. ದ್ರವ ಹುಳಿಯಾದರೆ, ಅಂದರೆ ಆಮ್ಲವಾದರೆ, ಡಿ.ಎನ್.ಎ. ಎಳೆ ಅಲ್ಲಲ್ಲಿ ತುಂಡಾಗುತ್ತದೆ. ಜೀವಂತ ಕೋಶದಲ್ಲಿ ಕೋಟಿಗಟ್ಟಲೆ ಅಕ್ಷರಗಳ ಉದ್ದಕ್ಕೆ ಅಖಂಡವಾಗಿದ್ದ ಎಳೆ ಹಳೆಯ ಬಿಲ್ಲೆಯಲ್ಲಿ ನೂರು, ಇನ್ನೂರು, ಮುನ್ನೂರು ಅಕ್ಷರಗಳ ಚೂರಾಗಿ ಸಿಗುತ್ತದೆ.

ಒಂದರಿಂದ ಕೋಟಿ

ಚೂರಾದದ್ದು ಒಂದು ತೊಂದರೆಯಾದರೆ ಅಲ್ಪವಾದದ್ದು ಇನ್ನೊಂದು. ಮನುಷ್ಯನ ಒಂದು ಜೀವಕೋಶದಲ್ಲಿರುವ ಡಿ.ಎನ್.ಎ.ಯ ತೂಕ ಸುಮಾರು 6.6 ಪಿಕೊಗ್ರಾಂ. ಒಂದು ಪಿಕೊಗ್ರಾಂ ಎಂದರೆ ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಒಂದು ನ್ಯಾನೊಗ್ರಾಂ ಡಿ.ಎನ್.ಎ.ಗೆ ಸುಮಾರು ನೂರೈವತ್ತು ಕೋಶಗಳು ಬೇಕು. 1970ರ ದಶಕದ ವಂಶವಾಹಿ ಪರೀಕ್ಷೆಗಳು ಒಂದು ಸಲಕ್ಕೆ ಹತ್ತು ಮೈಕ್ರೊಗ್ರಾಂವರೆಗೂ ಕೇಳುತ್ತಿದ್ದವು. ಎಂದರೆ ಸುಮಾರು ಹದಿನೈದು ಲಕ್ಷ ಕೋಶಗಳು. ಸೂಜಿಯ ತುದಿಯಲ್ಲಿ ಬಂದ ಚೂರಿನಿಂದ ಅಷ್ಟನ್ನು ಎಲ್ಲಿಂದ ತರುವುದು?

ಉತ್ತರದ ಬೀಜ ಬಿತ್ತಿದವರಲ್ಲಿ ಭಾರತದಲ್ಲಿ ಹುಟ್ಟಿದ ಹರಗೋವಿಂದ ಖುರಾನಾ ಒಬ್ಬರು. 1968ರಲ್ಲಿ ನೊಬೆಲ್ ಪಡೆದ ಖುರಾನಾ ಅವರ ಪ್ರಯೋಗಾಲಯದಿಂದ 1971ರಲ್ಲಿ ಒಂದು ಪ್ರಬಂಧ ಹೊರಬಂತು. ಡಿ.ಎನ್.ಎ.ಯ ಜೋಡಿ ಎಳೆಗಳನ್ನು ಬೇರ್ಪಡಿಸಿ, ಎರಡಕ್ಕೂ ಪುಟ್ಟ ಮುನ್ನಾಳುಗಳನ್ನು ಅಂಟಿಸಿ, ಪಾಲಿಮರೇಸ್ ಎಂಬ ಕಿಣ್ವದಿಂದ ಹೊಸ ಎಳೆಗಳನ್ನು ನೇಯಿಸಿ, ಅದನ್ನೇ ಪುನರಾವರ್ತಿಸುವ ವಿಚಾರ ಅದರಲ್ಲಿತ್ತು. ಆದರೆ ಆಗ ಮುನ್ನಾಳುಗಳನ್ನು ತಯಾರಿಸುವುದೇ ದುಸ್ಸಾಧ್ಯ ಕೆಲಸ. ಯಾವ ಜಾಗಕ್ಕೆ ಯಾವ ಮುನ್ನಾಳು ಬೇಕೆಂದು ತಿಳಿಯಲು ವಂಶವಾಹಿಗಳ ಅಕ್ಷರಮಾಲೆಯೂ ಗೊತ್ತಿರಲಿಲ್ಲ. ವಿಚಾರ ಹಾಗೆಯೇ ಉಳಿಯಿತು.

1983ರಲ್ಲಿ ಕ್ಯಾಲಿಫೋರ್ನಿಯದ ಸೀಟಸ್ ಕಂಪನಿಯ ಕ್ಯಾರಿ ಮುಲ್ಲಿಸ್ ರಾತ್ರಿ ಕಾರು ಓಡಿಸುತ್ತಿದ್ದಾಗ ಇದೇ ಬಗೆಯ ಯೋಚನೆ ಹೊಳೆಯಿತು. ಕಾಯಿಸಿದರೆ ಎಳೆಗಳು ಬಿಡಿಯಾಗುತ್ತವೆ. ತಣಿಸಿದರೆ ಮುನ್ನಾಳುಗಳು ಬಂದು ಕೂರುತ್ತವೆ. ಕಿಣ್ವ ಹೊಸ ಎಳೆ ನೇಯುತ್ತದೆ. ಒಂದು ಸುತ್ತಿಗೆ ಒಂದು ಎರಡಾಯಿತು. ಎರಡನೆಯ ಸುತ್ತಿಗೆ ನಾಲ್ಕು, ಮೂರನೆಯದಕ್ಕೆ ಎಂಟು. ಚದುರಂಗದ ಮನೆಗಳಿಗೆ ಕಾಳು ಇಡುವ ಹಳೆಯ ಲೆಕ್ಕವೇ ಇದು. ಎಲ್ಲ ಸರಿಯಾಗಿ ನಡೆದರೆ ಮೂವತ್ತು ಸುತ್ತಿನಲ್ಲಿ ಒಂದು ಎಳೆಯಿಂದ ನೂರೇಳು ಕೋಟಿ ಪ್ರತಿಗಳಾಗುತ್ತವೆ. ಇದಕ್ಕೆ ಪಾಲಿಮರೇಸ್ ಸರಪಳಿ ಕ್ರಿಯೆ, ಚಿಕ್ಕದಾಗಿ ಪಿ.ಸಿ.ಆರ್., ಎಂದು ಹೆಸರಾಯಿತು. 1985ರ ಡಿಸೆಂಬರಿನಲ್ಲಿ ಕುಡುಗೋಲು ಕಣ ರಕ್ತಹೀನತೆಯ ಪತ್ತೆಗೆ ಇದನ್ನು ಬಳಸಿದ ಮೊದಲ ಪ್ರಬಂಧ ಪ್ರಕಟವಾಯಿತು. 1993ರಲ್ಲಿ ಮುಲ್ಲಿಸ್‌ಗೆ ನೊಬೆಲ್ ಬಂತು.

ಆರಂಭದಲ್ಲಿ ಒಂದು ಕಿರಿಕಿರಿ ಇತ್ತು. ಎಳೆ ಬಿಡಿಸಲು ಕಾಯಿಸಿದಾಗಲೆಲ್ಲ ಕಿಣ್ವವೂ ಬೆಂದುಹೋಗುತ್ತಿತ್ತು. ಪ್ರತಿ ಸುತ್ತಿಗೂ ಹೊಸದನ್ನು ಸುರಿಯಬೇಕಾಗಿತ್ತು. ಪರಿಹಾರ ಅಮೆರಿಕದ ಯೆಲ್ಲೊಸ್ಟೋನ್ ವನದ ಬಿಸಿನೀರ ಬುಗ್ಗೆಯಿಂದ ಬಂತು. ಎಪ್ಪತ್ತು ಡಿಗ್ರಿ ಬಿಸಿಯಲ್ಲೂ ಸುಖವಾಗಿ ಬದುಕುವ ಬ್ಯಾಕ್ಟೀರಿಯವೊಂದನ್ನು ಥಾಮಸ್ ಬ್ರಾಕ್ 1960ರ ದಶಕದಲ್ಲಿ ಅಲ್ಲಿ ಪತ್ತೆಹಚ್ಚಿದ್ದರು. ಅದರ ಕಿಣ್ವಕ್ಕೆ ‘ಟ್ಯಾಕ್’ ಎಂದು ಹೆಸರು. 1988ರಲ್ಲಿ ಅದು ಪಿ.ಸಿ.ಆರ್.ಗೆ ಸೇರಿದ ಮೇಲೆ ಕೆಲಸವೆಲ್ಲ ಒಂದೇ ಕೊಳವೆಯಲ್ಲಿ, ಯಂತ್ರದಲ್ಲಿ, ಮನುಷ್ಯನ ಕೈ ತಾಗದೆ ನಡೆಯತೊಡಗಿತು. ಕರ್ನಾಟಕಕ್ಕೂ ಈ ಕಥೆಯಲ್ಲಿ ಒಂದು ಪಾಲಿದೆ. ವಿದೇಶದಿಂದ ಮಂಜುಗಡ್ಡೆಯಲ್ಲಿ ಬರಬೇಕಾಗಿದ್ದ ಇಂಥ ಕಿಣ್ವಗಳನ್ನು ಇಲ್ಲಿಯೇ ತಯಾರಿಸಲು ವಿಜ್ಞಾನಿ ಪಿ. ಬಾಬು 1989ರಲ್ಲಿ ‘ಬ್ಯಾಂಗಲೋರ್ ಜೀನೈ’ ಸಂಸ್ಥೆಯನ್ನು ಕಟ್ಟಿದರು. ದೇಶದ ಎಷ್ಟೋ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಮೊದಲ ಸಲ ಡಿ.ಎನ್.ಎ. ಪ್ರತಿ ಮಾಡಿದ್ದು ಬೆಂಗಳೂರಿನ ಕಿಣ್ವದಿಂದ.

ಕಪಾಟು ತೆರೆಯಿತು

ಮೇಣದ ಬಿಲ್ಲೆಯಿಂದ ಡಿ.ಎನ್.ಎ. ತೆಗೆಯಬಹುದೆಂದು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನ ಬರ್ಟ್ ವೋಗೆಲ್‌ಸ್ಟೈನ್ ಮತ್ತು ಸಂಗಡಿಗರು 1985ರಲ್ಲಿ ತೋರಿಸಿದರು. ಮೇಣ ಕರಗಿಸಿ, ಹೆಣೆದುಕೊಂಡ ಪ್ರೋಟೀನನ್ನು ಇನ್ನೊಂದು ಕಿಣ್ವದಿಂದ ಜೀರ್ಣಿಸಿದಾಗ ಎಳೆಗಳು ಬಿಡಿಯಾದವು. ಎರಡೇ ವರ್ಷದಲ್ಲಿ ಅದಕ್ಕೆ ಪಿ.ಸಿ.ಆರ್. ಸೇರಿತು. 1988ರಲ್ಲಿ ಡ್ಯಾರಿಲ್ ಶಿಬಾಟಾ, ನಾರ್ಮನ್ ಅರ್ನ್‌ಹೈಮ್ ಮತ್ತಿತರರು ನಲವತ್ತು ವರ್ಷ ಹಳೆಯ ಬಿಲ್ಲೆಗಳ ತೆಳು ಹಾಳೆಯಿಂದಲೂ ವಂಶವಾಹಿ ಚೂರುಗಳನ್ನು ಬೆಳೆಸಿ ತೋರಿಸಿದರು. ಡಿ.ಎನ್.ಎ. ಎಂದರೇನೆಂದು ಜಗತ್ತು ಸರಿಯಾಗಿ ಅರಿಯುವ ಮೊದಲೇ ಕಪಾಟು ಸೇರಿದ್ದ ಬಿಲ್ಲೆಗಳು ಅವು.

ಪಿ.ಸಿ.ಆರ್.ಗೆ ಚೂರಾದ ಡಿ.ಎನ್.ಎ. ಅಷ್ಟೇನೂ ಅಡ್ಡಿಯಾಗಲಿಲ್ಲ. ಮುರಿದ ಶಾಸನದಲ್ಲಿ ಅರಸನ ಹೆಸರಿರುವ ತುಂಡೊಂದು ಸಿಕ್ಕರೂ ಇತಿಹಾಸಕಾರನಿಗೆ ಸಾಕಾಗುವಂತೆ, ಬೇಕಾದ ನೂರು ಅಕ್ಷರಗಳ ಭಾಗ ಎಲ್ಲೋ ಒಂದು ಎಳೆಯಲ್ಲಿ ಅಖಂಡವಾಗಿದ್ದರೆ ಸಾಕು. 1996ರಲ್ಲಿ ಇಟಲಿಯ ತಂಡವೊಂದು ಈ ವಿಧಾನವನ್ನು ಐದು ಶತಮಾನ ಹಿಂದಕ್ಕೆ ಒಯ್ದಿತು. ನೇಪಲ್ಸ್‌ನ ದೊರೆ ಒಂದನೆಯ ಫೆರಾಂಟೆ ಸತ್ತದ್ದು 1494ರಲ್ಲಿ. ಅವನ ದೇಹವನ್ನು ಕೆಡದಂತೆ ಕಾದಿಡಲಾಗಿತ್ತು. ಅದರಲ್ಲಿದ್ದ ಗಡ್ಡೆಯಿಂದ ಡಿ.ಎನ್.ಎ. ಬೆಳೆಸಿ ನೋಡಿದಾಗ ಕೆ-ರಾಸ್ ಎಂಬ ವಂಶವಾಹಿಯಲ್ಲಿ ಒಂದಕ್ಷರ ಬದಲಾಗಿತ್ತು. ಇಂದಿನ ಕರುಳಿನ ಕ್ಯಾನ್ಸರ್ ರೋಗಿಗಳಲ್ಲಿ ದಿನವೂ ಕಾಣುವ ಬದಲಾವಣೆಯೇ ಅದು.

ಇಡೀ ಗ್ರಂಥದ ಆಸೆ

ಒಂದು ಸಾಲನ್ನು ಓದಿದವರಿಗೆ ಇಡೀ ಗ್ರಂಥ ಓದುವ ಆಸೆ ಸಹಜ. ಮನುಷ್ಯನ ವಂಶವಾಹಿ ಗ್ರಂಥದಲ್ಲಿ ಮುನ್ನೂರು ಕೋಟಿಗೂ ಹೆಚ್ಚು ಅಕ್ಷರಗಳಿವೆ. ಕ್ಯಾನ್ಸರ್ ಯಾವ ಪುಟದಲ್ಲಿ ಏನನ್ನು ತಿದ್ದಿದೆಯೆಂದು ಮೊದಲೇ ತಿಳಿಯದಿದ್ದಾಗ ಎಲ್ಲ ಪುಟಗಳನ್ನೂ ಪ್ರತಿ ಮಾಡಬೇಕಾಗುತ್ತದೆ. 1992ರಲ್ಲಿ ಇದಕ್ಕೆ ಎರಡು ಉಪಾಯಗಳು ಬಂದವು. ಒಂದೇ ಜಾಗಕ್ಕೆ ಅಂಟುವ ಮುನ್ನಾಳಿನ ಬದಲು ಎಲ್ಲೆಂದರಲ್ಲಿ ಅಂಟುವ ಮುನ್ನಾಳುಗಳನ್ನು ಬಳಸಿದರು. ಅರ್ನ್‌ಹೈಮ್ ತಂಡ ಒಂದೇ ಒಂದು ಕೋಶದ ಡಿ.ಎನ್.ಎ.ಯನ್ನೇ ಹೀಗೆ ಬಹುಪಾಲು ಪ್ರತಿ ಮಾಡಿತು. ಹತ್ತು ವರ್ಷದ ಮೇಲೆ, 2002ರಲ್ಲಿ, ಫೈ-29 ಎಂಬ ವೈರಸ್ಸಿನ ಕಿಣ್ವ ಮಾನವ ಡಿ.ಎನ್.ಎ.ಯ ಪ್ರತಿಗೆ ಬಂತು. ಸ್ಪೇನಿನ ಮಾರ್ಗರಿಟಾ ಸಲಾಸ್ ಆ ವೈರಸ್ಸಿನ ಅಧ್ಯಯನಕ್ಕೇ ಜೀವಮಾನ ಸವೆಸಿದವರು. ಇದಕ್ಕೆ ಕಾಯಿಸಿ ತಣಿಸುವ ಗೋಜಿಲ್ಲ. ಮೂವತ್ತು ಡಿಗ್ರಿಯಲ್ಲಿ ಇಟ್ಟರೆ ಹಿಡಿದ ಎಳೆಯನ್ನು ಬಿಡದೆ ಸಾವಿರಾರು ಅಕ್ಷರ ನಕಲು ಮಾಡುತ್ತ ಸಾಗುತ್ತದೆ; ತಪ್ಪೂ ಕಡಿಮೆ.

ಆದರೆ ಅದರ ಗುಣವೇ ಮೇಣದ ಬಿಲ್ಲೆಯ ಎದುರು ದೋಷವಾಯಿತು. ಉದ್ದ ಎಳೆ ಸಿಕ್ಕರೆ ಮಾತ್ರ ಅದಕ್ಕೆ ಓಟ. ಇನ್ನೂರು ಅಕ್ಷರದ ಚೂರಿನಲ್ಲಿ ಓಡುವುದಕ್ಕೆ ಜಾಗವೇ ಇಲ್ಲ. ಚೂರುಗಳನ್ನೆಲ್ಲ ತುದಿಗೆ ತುದಿ ಬೆಸೆದು ಉದ್ದ ಮಾಡಿ, ಅನಂತರ ಪ್ರತಿ ತೆಗೆಯುವ ಉಪಾಯಗಳು ಹುಟ್ಟಿದವು. ಹರಿದ ಗರಿಗಳನ್ನು ಸಿಕ್ಕ ಕ್ರಮದಲ್ಲಿ ಹೊಲಿದು ಕಟ್ಟು ಮಾಡಿದಂತೆ ಇದು. ಯಾವ ಚೂರು ಎಲ್ಲಿಯದೆಂದು ಆಮೇಲೆ ಗಣಕಯಂತ್ರ ವಿಂಗಡಿಸಬೇಕು.

ಇನ್ನೊಂದು ತೊಡಕು ಅಸಮತೆ. ಪ್ರತಿ ತೆಗೆಯುವಾಗ ಕೆಲವು ಭಾಗ ಸಾವಿರ ಪಟ್ಟು ಹೆಚ್ಚಿದರೆ ಕೆಲವು ಹತ್ತು ಪಟ್ಟೂ ಹೆಚ್ಚುವುದಿಲ್ಲ, ಇನ್ನು ಕೆಲವು ಪೂರ್ತಿ ಬಿಟ್ಟುಹೋಗುತ್ತವೆ. ಸ್ತನ ಕ್ಯಾನ್ಸರಿನ ಕೆಲವು ಗಡ್ಡೆಗಳಲ್ಲಿ ಹರ್-2 ಎಂಬ ವಂಶವಾಹಿಯ ಪ್ರತಿಗಳು ಕೋಶದಲ್ಲಿಯೇ ವಿಪರೀತ ಹೆಚ್ಚಿರುತ್ತವೆ. ಯಾವ ಔಷಧ ಕೊಡಬೇಕೆಂಬುದು ಅದನ್ನು ಅವಲಂಬಿಸಿದೆ. ಹೆಚ್ಚಿದ್ದು ಗಡ್ಡೆಯಲ್ಲೋ ಕೊಳವೆಯಲ್ಲೋ ಎಂಬ ಅನುಮಾನ ಉಳಿದರೆ ಪರೀಕ್ಷೆ ನಿಷ್ಪ್ರಯೋಜಕ. ಚೂರಿನಲ್ಲಿ ಕ್ಯಾನ್ಸರ್ ಕೋಶಗಳ ಜೊತೆಗೆ ಆರೋಗ್ಯವಂತ ಕೋಶಗಳೂ ಬೆರೆತಿರುತ್ತವೆಂಬುದು ಮತ್ತೊಂದು ಸಂಗತಿ. 1996ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು ಸೂಕ್ಷ್ಮದರ್ಶಕದಲ್ಲಿ ನೋಡುತ್ತಲೇ ಲೇಸರ್ ಕಿರಣದಿಂದ ಬೇಕಾದ ಕೋಶಗಳನ್ನಷ್ಟೇ ಎತ್ತಿಕೊಳ್ಳುವ ಯಂತ್ರ ಮಾಡಿದರು. ಅದರಿಂದ ಶುದ್ಧತೆ ಹೆಚ್ಚಿತು, ಸಿಗುವ ಡಿ.ಎನ್.ಎ. ಮಾತ್ರ ಇನ್ನಷ್ಟು ಕಡಿಮೆಯಾಯಿತು.

2005ರ ನಂತರ ಬಂದ ಹೊಸ ತಲೆಮಾರಿನ ಓದುಯಂತ್ರಗಳು ಅನಿರೀಕ್ಷಿತವಾಗಿ ಹಳೆಯ ಬಿಲ್ಲೆಯ ನೆರವಿಗೆ ಬಂದವು. ಅವುಗಳಲ್ಲಿ ಹೆಚ್ಚಿನವು ಒಂದು ಸಲಕ್ಕೆ ನೂರು ನೂರೈವತ್ತು ಅಕ್ಷರಗಳನ್ನಷ್ಟೇ ಓದುತ್ತವೆ. ಹಸಿ ಅಂಗಾಂಶದ ಉದ್ದ ಎಳೆಯನ್ನು ಕೊಟ್ಟರೂ ಮೊದಲು ಕತ್ತರಿಸಬೇಕು. ಬಿಲ್ಲೆಯ ಡಿ.ಎನ್.ಎ. ಮೊದಲೇ ಕತ್ತರಿಸಿದ್ದಾಗಿತ್ತು. ಪ್ರತಿ ಚೂರಿನ ಎರಡೂ ತುದಿಗೆ ಗೊತ್ತಿರುವ ಒಂದು ಹಿಡಿಕೆ ಅಂಟಿಸಿ, ಆ ಹಿಡಿಕೆಗಳ ಮೂಲಕವೇ ಎಲ್ಲವನ್ನೂ ಪಿ.ಸಿ.ಆರ್.ನಿಂದ ಬೆಳೆಸುವುದು ಇಂದಿನ ಸಾಮಾನ್ಯ ಪದ್ಧತಿ.

ಲಿಪಿಕಾರನ ತಪ್ಪು

ಇಷ್ಟಾದರೂ ಅಕ್ಷರದೋಷದ ಪ್ರಶ್ನೆ ಉಳಿಯಿತು. ಡಿ.ಎನ್.ಎ.ಯ ನಾಲ್ಕು ಅಕ್ಷರಗಳು ಎ, ಟಿ, ಜಿ ಮತ್ತು ಸಿ. ಫಾರ್ಮಲಿನ್‌ನಲ್ಲಿ ನೆನೆದು ವರ್ಷಗಟ್ಟಲೆ ಮೇಣದಲ್ಲಿದ್ದಾಗ ಕೆಲವು ಸಿ ಅಕ್ಷರಗಳು ತಮ್ಮ ರಾಸಾಯನಿಕ ಗುಂಪೊಂದನ್ನು ಕಳೆದುಕೊಂಡು ಯುರಾಸಿಲ್ ಆಗುತ್ತವೆ. ಟ್ಯಾಕ್ ಕಿಣ್ವ ಅದನ್ನು ಟಿ ಎಂದು ಓದುತ್ತದೆ. ಸಿ ಇದ್ದಲ್ಲಿ ಟಿ ಬಂತು. ಪ್ರತಿಗಳು ಕೋಟಿಯಾದಾಗ ಈ ತಪ್ಪೂ ಕೋಟಿಯಾಗುತ್ತದೆ. ಮೂಲದಲ್ಲಿ ಲಕ್ಷಾಂತರ ಎಳೆಗಳಿದ್ದರೆ ಒಂದೆರಡರ ತಪ್ಪು ಮುಳುಗಿಹೋಗುತ್ತದೆ. ಚೂರು ಸಣ್ಣದಿದ್ದು ಓದಬಲ್ಲ ಎಳೆಗಳು ಹತ್ತಿಪ್ಪತ್ತೇ ಇದ್ದರೆ ಒಂದು ತಪ್ಪು ದೊಡ್ಡ ಸತ್ಯದಂತೆ ಕಾಣಿಸುತ್ತದೆ.

ಇದು ಪ್ರಯೋಗಾಲಯದೊಳಗಿನ ಚರ್ಚೆಯಷ್ಟೇ ಅಲ್ಲ. ಶ್ವಾಸಕೋಶದ ಕ್ಯಾನ್ಸರಿನ ಒಂದು ಬಗೆಯಲ್ಲಿ ಇ.ಜಿ.ಎಫ್.ಆರ್. ಎಂಬ ವಂಶವಾಹಿ ಕೆಟ್ಟಿರುವುದು 2004ರಲ್ಲಿ ತಿಳಿಯಿತು. ಹಾಗೆ ಕೆಟ್ಟಿದ್ದರೆ ಗೆಫಿಟಿನಿಬ್‌ನಂಥ ಗುಳಿಗೆ ಕೆಲಸ ಮಾಡುತ್ತದೆ. ಬೀಡಿ ಸಿಗರೇಟು ಮುಟ್ಟದ ಹೆಂಗಸರಲ್ಲೂ ಈ ಬಗೆ ಕಾಣುತ್ತದೆ. ಪಶ್ಚಿಮದವರಿಗಿಂತ ಏಷ್ಯಾದವರಲ್ಲಿ ಇದು ಹೆಚ್ಚು. ಅದೇ ವಂಶವಾಹಿಯಲ್ಲಿ ಟಿ790ಎಂ ಎಂಬ ಇನ್ನೊಂದು ಬದಲಾವಣೆ ಆದರೆ ಆ ಗುಳಿಗೆ ನಾಟುವುದಿಲ್ಲವೆಂದು 2005ರಲ್ಲಿ ಗೊತ್ತಾಯಿತು. ಈ ಟಿ790ಎಂ ಕೂಡ ಒಂದು ಸಿ ಅಕ್ಷರ ಟಿ ಆಗುವ ಬದಲಾವಣೆಯೇ! ಗಡ್ಡೆ ನಿಜವಾಗಿ ಬದಲಾಯಿತೋ, ಫಾರ್ಮಲಿನ್ ಬದಲಾಯಿಸಿತೋ? ತಪ್ಪು ಓದಿದರೆ ಕೊಡಬೇಕಾದ ಗುಳಿಗೆ ತಪ್ಪುತ್ತದೆ.

ಈ ಗೊಂದಲ ಕಳೆಯಲು ಪ್ರಯೋಗಾಲಯಗಳು ಮೂರು ಎಚ್ಚರಗಳನ್ನು ಪಾಲಿಸುತ್ತವೆ. ಪ್ರತಿ ತೆಗೆಯುವ ಮೊದಲೇ ಯುರಾಸಿಲನ್ನು ಕಿತ್ತುಹಾಕುವ ಕಿಣ್ವವೊಂದನ್ನು ಸೇರಿಸುತ್ತಾರೆ. ಆಗ ಕೆಟ್ಟ ಎಳೆ ಪ್ರತಿಯಾಗದೆ ಹಿಂದುಳಿಯುತ್ತದೆ. ಆದರೆ ಮೀಥೈಲ್ ಗುಂಪು ಅಂಟಿದ ಸಿ ಅಕ್ಷರ ಕೆಟ್ಟರೆ ನೇರವಾಗಿ ಟಿ ಆಗಿಬಿಡುತ್ತದೆ, ಅದನ್ನು ಈ ಕಿಣ್ವ ಹಿಡಿಯದು. ಎರಡನೆಯದಾಗಿ, ಪ್ರತಿಯೊಂದು ಮೂಲ ಚೂರಿಗೂ ಪ್ರತಿ ಮಾಡುವ ಮುಂಚೆಯೇ ಬೇರೆ ಬೇರೆ ಗುರುತಿನ ಅಕ್ಷರ ಅಂಟಿಸುತ್ತಾರೆ. ಯಾವ ಮಾತೃಕೆಯಿಂದ ನಕಲಾಯಿತೆಂದು ಗ್ರಂಥದ ಕೊನೆಗೆ ಬರೆದಿಡುವ ಲಿಪಿಕಾರನಂತೆ. ಸಾವಿರ ಪ್ರತಿ ಒಂದೇ ಮೂಲದ್ದೋ ಸಾವಿರ ಮೂಲದ್ದೋ ಎಂಬುದು ಆಗ ಲೆಕ್ಕಕ್ಕೆ ಸಿಗುತ್ತದೆ. ಮೂರನೆಯದು ಎಲ್ಲಕ್ಕಿಂತ ಸರಳ: ಅದೇ ಬಿಲ್ಲೆಯಿಂದ ಬೇರೆಯಾಗಿ ಎರಡು ಸಲ ಪರೀಕ್ಷೆ ಮಾಡಿ ಎರಡರಲ್ಲೂ ಕಂಡದ್ದನ್ನು ಮಾತ್ರ ನಂಬುವುದು. ಅದಕ್ಕೆ ಬಿಲ್ಲೆಯಲ್ಲಿ ಅಷ್ಟು ಅಂಗಾಂಶ ಉಳಿದಿರಬೇಕು.

ನಾಡಿನ ಕಪಾಟುಗಳು

ಕರ್ನಾಟಕದ ಆಸ್ಪತ್ರೆಗಳ ಕಪಾಟುಗಳಲ್ಲಿ ಇಂಥ ಬಿಲ್ಲೆಗಳ ದೊಡ್ಡ ಸಂಗ್ರಹವಿದೆ. ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು 1957ರದು. ಬೆಂಗಳೂರಿನ ಕಿದ್ವಾಯಿ ಗಂಥಿ ಸಂಸ್ಥೆ 1973ರಲ್ಲಿ ಆರಂಭವಾಯಿತು. ಬೆಂಗಳೂರು ನಗರದ ಕ್ಯಾನ್ಸರ್ ರೋಗಿಗಳ ನೋಂದಣಿ 1982ರಿಂದ ಅಲ್ಲಿ ನಡೆದುಬಂದಿದೆ. ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳಿನ ಅಂಗಾಂಶಗಳ ಭಂಡಾರವೇ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಮೇಣದ ಬಿಲ್ಲೆಗಳಿಂದಲೇ ಸ್ತನ ಕ್ಯಾನ್ಸರನ್ನು ಅಭ್ಯಸಿಸಿದರು. ಬಿಲ್ಲೆಯೊಂದರಿಂದ ತೆಗೆದ ಆರ್.ಎನ್.ಎ. ಚೆನ್ನಾಗಿದ್ದ ಮಾತ್ರಕ್ಕೆ ಡಿ.ಎನ್.ಎ.ಯೂ ಚೆನ್ನಾಗಿದೆ ಎನ್ನಲಾಗದು, ಎರಡರ ಗುಣಮಟ್ಟವನ್ನೂ ಬೇರೆ ಬೇರೆಯಾಗಿ ಅಳೆಯಲೇಬೇಕೆಂದು ಆ ಸಂಸ್ಥೆಯ ತಂಡ 2014ರಲ್ಲಿ ಪ್ರಕಟಿಸಿತು. ಎಲೆಅಡಿಕೆ ತಂಬಾಕಿನ ನಾಡುಗಳನ್ನು ಕಾಡುವ ಒಸಡು ಮತ್ತು ಕೆನ್ನೆಯ ಕ್ಯಾನ್ಸರಿನಲ್ಲಿ ಯಾವ ವಂಶವಾಹಿಗಳು ಕೆಡುತ್ತವೆಂದು ಭಾರತದ ವಿಜ್ಞಾನಿಗಳ ತಂಡ 2013ರಲ್ಲಿ ಜಗತ್ತಿಗೆ ತಿಳಿಸಿತ್ತು. ಅಲ್ಲಿ ಕಂಡದ್ದು ಜಿಲ್ಲಾ ಊರುಗಳ ರೋಗಿಗಳಲ್ಲೂ ನಿಜವೇ ಎಂದು ನೋಡಲು ಹಳೆಯ ಬಿಲ್ಲೆಗಳಿಗಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಹತ್ತು ವರ್ಷದ ಹಿಂದೆ ಬಿಲ್ಲೆ ಕೊಟ್ಟವರು ಆಮೇಲೆ ಹೇಗಿದ್ದಾರೆ, ಯಾವ ಚಿಕಿತ್ಸೆಗೆ ಗುಣಕಂಡರು ಎಂಬುದು ಇಂದು ಗೊತ್ತಿರುತ್ತದೆ. ಹೊಸ ಗಡ್ಡೆಯಲ್ಲಿ ಅದನ್ನು ತಿಳಿಯಲು ಇನ್ನು ಹತ್ತು ವರ್ಷ ಕಾಯಬೇಕು.

ಆದ್ದರಿಂದ ಎಲ್ಲವೂ ಮೊದಲ ದಿನದ ಕೆಲಸದ ಮೇಲೆ ನಿಂತಿದೆ. ಫಾರ್ಮಲಿನ್ ಅಂಗಾಂಶದೊಳಗೆ ಇಳಿಯುವುದು ಗಂಟೆಗೆ ಸುಮಾರು ಒಂದು ಮಿಲಿಮೀಟರ್. ಸ್ತನ ಕ್ಯಾನ್ಸರ್ ಪರೀಕ್ಷೆಗೆ ಆರು ಗಂಟೆಗೆ ಕಡಿಮೆಯಿಲ್ಲದೆ, ಎಪ್ಪತ್ತೆರಡು ಗಂಟೆಗೆ ಮೀರದೆ ನೆನೆಯಿಡಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ದ್ರವ ಹುಳಿಯಾಗದಂತೆ ಲವಣ ಬೆರೆಸಿರಬೇಕು. ಸಣ್ಣ ಊರಿನ ಶಸ್ತ್ರಚಿಕಿತ್ಸಾ ಕೋಣೆಯಲ್ಲಿ ತೆಗೆದ ಗಡ್ಡೆ ಬರಿಯ ಉಪ್ಪುನೀರಿನಲ್ಲಿ ಅರ್ಧ ದಿನ ಬಸ್ಸಿನಲ್ಲಿ ಪ್ರಯಾಣ ಮಾಡಿದರೆ, ಇಲ್ಲವೆ ಹಬ್ಬದ ರಜೆಯಲ್ಲಿ ವಾರವಿಡೀ ಬಾಟಲಿಯಲ್ಲಿ ಕುಳಿತರೆ, ಆದ ನಷ್ಟವನ್ನು ಬೆಂಗಳೂರಿನ ಎಷ್ಟು ಬೆಲೆಯ ಯಂತ್ರವೂ ತುಂಬಿಕೊಡಲಾರದು. ಪ್ರತಿ ಮಾಡುವ ಕಿಣ್ವ ಇದ್ದುದನ್ನು ಹೆಚ್ಚಿಸಬಲ್ಲದು, ಇಲ್ಲದ್ದನ್ನು ಬರೆಯಲಾರದು.

ಬಿಲ್ಲೆ ಯಾರದು ಎಂಬ ಪ್ರಶ್ನೆಯೂ ಇದೆ. ಸಂಶೋಧನೆಗಾಗಿ ಕೊಟ್ಟ ಅಂಗಾಂಶದ ಒಡೆತನ ಕೊಟ್ಟವರದೇ, ಸಂಸ್ಥೆ ಅದರ ಪಾಲಕ ಮಾತ್ರ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರ ನೈತಿಕ ಮಾರ್ಗಸೂಚಿಯಲ್ಲಿ ಹೇಳಿದೆ. ಡಿ.ಎನ್.ಎ. ಬರಹ ರೋಗಿಯೊಬ್ಬರದೇ ಅಲ್ಲ, ಅವರ ಮಕ್ಕಳದೂ ಒಡಹುಟ್ಟಿದವರದೂ ಹೌದು. ಅದನ್ನು ಓದುವ ಮುನ್ನ ಒಪ್ಪಿಗೆ ಕೇಳುವುದು ಸೌಜನ್ಯವಷ್ಟೇ ಅಲ್ಲ, ಕರ್ತವ್ಯ. ಇನ್ನೊಂದು ಕಡೆ, ರೋಗಿಗಳ ಮನೆಯವರಿಗೆ ಬಿಲ್ಲೆಯೊಂದು ಇದೆಯೆಂಬ ವಿಷಯವೇ ಬಹಳ ಸಲ ಗೊತ್ತಿರುವುದಿಲ್ಲ. ರೋಗ ಮರುಕಳಿಸಿದಾಗ, ಇಲ್ಲವೆ ಬೇರೆ ಊರಿನ ವೈದ್ಯರು ವಂಶವಾಹಿ ಪರೀಕ್ಷೆ ಬರೆದುಕೊಟ್ಟಾಗ, ಸೊರಗಿದ ದೇಹಕ್ಕೆ ಮತ್ತೆ ಸೂಜಿ ಚುಚ್ಚದೆ ಹಳೆಯ ಆಸ್ಪತ್ರೆಯಿಂದ ಬಿಲ್ಲೆಯನ್ನು ಕೇಳಿ ಪಡೆಯಬಹುದು. 2002ರ ವೈದ್ಯಕೀಯ ನಿಯಮಗಳ ಪ್ರಕಾರ ಒಳರೋಗಿಗಳ ಕಾಗದಪತ್ರ ಇಡಬೇಕಾದದ್ದು ಮೂರು ವರ್ಷ. ಬಿಲ್ಲೆ ಅದಕ್ಕಿಂತ ಬಹಳ ಕಾಲ ಬಾಳುತ್ತದೆ. ಅದನ್ನು ಒಯ್ಯುವಾಗ ಬೇಸಿಗೆಯ ಬಿಸಿಲಿಗೆ ನಿಲ್ಲಿಸಿದ ವಾಹನದಲ್ಲಿ ಬಿಡಬಾರದು, ಅಷ್ಟೆ; ಐವತ್ತಾರು ಡಿಗ್ರಿಯ ಆಸುಪಾಸಿನಲ್ಲಿ ಮೇಣ ಕರಗತೊಡಗುತ್ತದೆ.

ಬಿಲ್ಲ��ಯ ಜೊತೆಗೆ ಹಳೆಯ ವರದಿಯ ಕಾಗದವನ್ನೂ ಮನೆಯಲ್ಲಿ ಜೋಪಾನ ಮಾಡಬೇಕು. ಬಿಲ್ಲೆಯ ಅಂಚಿನ ಸಂಖ್ಯೆ ಯಾರದೆಂದು ಹೇಳುವುದು ಆ ಕಾಗದವೇ. ಅದು ಕಳೆದುಹೋದರೆ, ಕಪಾಟಿನ ಸಾವಿರಾರು ಬಿಲ್ಲೆಗಳ ನಡುವೆ ಶಿಗ್ಗಾಂವದವರ ಬಿಲ್ಲೆಯನ್ನು ಹುಡುಕಿ ತೆಗೆಯುವುದು ಬಲು ಕಷ್ಟ.